ಅಳಿಸಿದುದು ಅಳಿಯಿತೆ?

‘ಕಡತ’ ಎಂಬುದು ಕನ್ನಡದ ಹಳೆಯ ಮಾತುಗಳಲ್ಲಿ ಒಂದು. ಇಂದು ಕಛೇರಿಯ ಕಾಗದಪತ್ರಗಳ ಕಟ್ಟಿಗೂ ಕಂಪ್ಯೂಟರಿನ ಫೈಲಿಗೂ ಆ ಹೆಸರು ಸಲ್ಲುತ್ತಿದೆ. ಹಿಂದಿನ ಕಾಲದಲ್ಲಾದರೋ ಕಡತವೆಂದರೆ ಬಟ್ಟೆಯ ಪುಸ್ತಕ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಕರಿಯ ಮೈಮೇಲೆ ಬಿಳಿಯ ಬಳಪದಿಂದ ಬರೆಯುತ್ತಿದ್ದರು. ವರ್ತಕರ ಲೆಕ್ಕಪತ್ರಗಳು ಇಂಥ ಕಡತಗಳಲ್ಲಿ ಇರುತ್ತಿದ್ದವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಅಮೂಲ್ಯವಾದ ಆಕರಗಳಾಗಿವೆ. ಈ ಬಟ್ಟೆಯ ಕಡತಕ್ಕೆ ಒಂದು ಅನುಕೂಲವಿತ್ತು: ಹಲಗೆಯ ಮೇಲಿನಂತೆ ಬರೆದುದನ್ನು ಒರಸಿ, ಅದೇ ಸ್ಥಳದಲ್ಲಿ ಹೊಸದನ್ನು ಬರೆಯಬಹುದಾಗಿತ್ತು. ಒರಸಿದುದು ಕೈಗೆ ಹತ್ತಿದ ಬಳಪದ ಪುಡಿಯಾಗಿ ಉದುರಿಹೋಗುತ್ತಿತ್ತು. ಅದನ್ನು ಮರಳಿ ಪಡೆಯುವ ಉಪಾಯವಿರಲಿಲ್ಲ.

ಇಂದಿನ ಕಡತದ ಸ್ವಭಾವ ಹಾಗಲ್ಲ. ಅದನ್ನು ಅಳಿಸಿದರೂ ಅದು ಒಡನೆಯೇ ಅಳಿಯುವುದಿಲ್ಲ. ಈ ಮಾತು ವಿಚಿತ್ರವಾಗಿ ತೋರಬಹುದು. ಆದರೆ ಇದರ ಮರ್ಮವನ್ನು ತಿಳಿದವನು ಕಳೆದುಹೋಯಿತೆಂದು ಕೈಬಿಟ್ಟ ವಸ್ತುವನ್ನು ಎಷ್ಟೋ ವೇಳೆ ಮರಳಿ ಪಡೆಯಬಲ್ಲನು. ತಿಳಿಯದವನು ಉಳಿದಿದ್ದುದನ್ನೂ ತನ್ನ ಕೈಯಾರೆ ಹಾಳುಮಾಡಬಲ್ಲನು.

ಒಂದು ಹಳ್ಳಿಯ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಆ ಮನೆಯ ಅಜ್ಜಿಗೆ ಬೀಸುವ ಪದ, ಸೋಬಾನೆ, ಜೋಗುಳಗಳು ನೂರಾರು ಬರುತ್ತಿದ್ದವು. ಮೊಮ್ಮಗಳು ಹೈಸ್ಕೂಲಿನ ವಿದ್ಯಾರ್ಥಿನಿ. ಎರಡು ಬೇಸಿಗೆಯ ರಜೆಗಳಲ್ಲಿ ಅವಳು ಅಜ್ಜಿಯ ಪಕ್ಕದಲ್ಲಿ ಕುಳಿತು, ನಲವತ್ತೆರಡು ಹಾಡುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಮನೆಯಲ್ಲಿದ್ದ ಪುಟ್ಟ ಹಾರ್ಡ್‌ಡಿಸ್ಕಿಗೆ ಸಾಗಿಸಿ, ಮೊಬೈಲಿನಿಂದ ಅವನ್ನು ತೆಗೆದುಹಾಕಿದ್ದಳು. ಮರುವರ್ಷ ಅಜ್ಜಿ ತೀರಿಕೊಂಡರು. ಒಂದು ಭಾನುವಾರ ಅವಳ ತಮ್ಮನು ಆ ಡಿಸ್ಕಿಗೆ ಚಲನಚಿತ್ರವೊಂದನ್ನು ತುಂಬಲು ಹೊರಟನು. ಸ್ಥಳ ಸಾಲದು ಎಂಬ ಸೂಚನೆ ಬಂದಿತು. ಹಳೆಯದಾಗಿ ಕಂಡ ಮೂರು ನಾಲ್ಕು ಫೋಲ್ಡರುಗಳನ್ನು ಅವನು ಒಂದೇ ಏಟಿಗೆ ಅಳಿಸಿಹಾಕಿ, ಚಿತ್ರವನ್ನು ಪ್ರತಿಮಾಡಲು ಕೊಟ್ಟನು. ಅಕ್ಕ ಬಂದು ನೋಡುವ ಹೊತ್ತಿಗೆ ಅಜ್ಜಿಯ ಹಾಡುಗಳ ಫೋಲ್ಡರು ಕಾಣೆಯಾಗಿತ್ತು.

ಪಕ್ಕದ ಪಟ್ಟಣದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಸೋದರಮಾವನಿಗೆ ಅವಳು ಅಳುತ್ತಲೇ ಫೋನು ಮಾಡಿದಳು. 

“ಮಾವ, ಎಲ್ಲಾ ಹೋಯಿತು” ಎಂದಳು.

“ಹೋಯಿತೋ ಇಲ್ಲವೋ ಆಮೇಲೆ ನೋಡೋಣ, ಪುಟ್ಟಿ. ಆ ಸಿನಿಮಾ ಇನ್ನೂ ಪ್ರತಿಯಾಗುತ್ತಿದೆಯೇ?”

“ಹೌದು, ಈಗತಾನೇ ಶುರುವಾಗಿದೆ.”

“ಮೊದಲು ಅದನ್ನು ನಿಲ್ಲಿಸು. ಡಿಸ್ಕನ್ನು ಕ್ರಮವಾಗಿ ಬಿಡಿಸಿ ತೆಗೆದಿಡು. ನಾನು ಬರುವವರೆಗೆ ಯಾರೂ ಅದನ್ನು ಮುಟ್ಟಬೇಡಿ. ತಮ್ಮನನ್ನೂ ಬಯ್ಯಬೇಡ.”

ಮಾವನು ಮೊದಲು ಕೊಟ್ಟ ಆಜ್ಞೆ ಹುಡುಕುವುದಾಗಿರಲಿಲ್ಲ, ನಿಲ್ಲಿಸುವುದಾಗಿತ್ತು. ಅದೇಕೆಂಬುದನ್ನು ಅರಿಯಬೇಕಾದರೆ ಹಾರ್ಡ್‌ಡಿಸ್ಕು ತನ್ನ ಬರಹವನ್ನು ಹೇಗೆ ಇಟ್ಟುಕೊಳ್ಳುತ್ತದೆಂಬುದನ್ನು ತಿಳಿಯಬೇಕು.

ಕಂಪ್ಯೂಟರಿಗೆ ಹಾರ್ಡ್‌ಡಿಸ್ಕು ಮೊದಲು ಬಂದುದು ೧೯೫೬ರಲ್ಲಿ. ಐ.ಬಿ.ಎಂ. ಸಂಸ್ಥೆಯು ಆ ವರ್ಷ ಹೊರತಂದ ಯಂತ್ರದಲ್ಲಿ ಎರಡು ಅಡಿ ವ್ಯಾಸದ ಐವತ್ತು ತಟ್ಟೆಗಳಿದ್ದವು. ಅದರ ತೂಕ ಒಂದು ಟನ್ನಿಗೂ ಮಿಗಿಲು. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳು ಮಾತ್ರ. ಇಂದು ಅಂಗೈ ಮೇಲಿಟ್ಟುಕೊಂಡು ಹೋಗಬಹುದಾದ ಒಂದು ಟೆರಾಬೈಟ್‌ನ ಡಿಸ್ಕಿನಲ್ಲಿ ಒಂದು ಲಕ್ಷ ಕೋಟಿ ಬೈಟುಗಳು ಹಿಡಿಯುತ್ತವೆ; ಎಂದರೆ ಆ ಮೊದಲ ಯಂತ್ರದ ಎರಡು ಲಕ್ಷ ಪಟ್ಟಿಗೂ ಹೆಚ್ಚು. ಅದರೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ ೫೪೦೦ ಸುತ್ತುಗಳಂತೆ ತಿರುಗುತ್ತಿರುತ್ತವೆ. ‘ಹೆಡ್’ ಎಂಬ ಸೂಕ್ಷ್ಮ ಭಾಗವೊಂದು ತಟ್ಟೆಯನ್ನು ತಾಗದೆ, ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಮೆ ಅಂತರದಲ್ಲಿ ತೇಲುತ್ತ, ತಟ್ಟೆಯ ಮೇಲಿನ ಕಾಂತಲೇಪದಲ್ಲಿ ಸೊನ್ನೆ ಮತ್ತು ಒಂದುಗಳನ್ನು ಗುರುತುಮಾಡುತ್ತದೆ. ಹಾಡಾಗಲಿ, ಚಿತ್ರವಾಗಲಿ, ಪತ್ರವಾಗಲಿ, ಡಿಸ್ಕಿನ ಮೇಲೆ ಎಲ್ಲವೂ ಈ ಎರಡು ಅಂಕೆಗಳ ಸಾಲುಗಳೇ.

ಈ ತಟ್ಟೆಗಳ ಮೈಯನ್ನು ಹಳ್ಳಿಯ ಜಮೀನಿನಂತೆ ಸಣ್ಣ ಸಣ್ಣ ತಾಕುಗಳಾಗಿ ವಿಂಗಡಿಸಿರುತ್ತಾರೆ. ಒಂದು ಹಾಡಿಗೆ ಅಂಥ ಸಾವಿರಾರು ತಾಕುಗಳು ಬೇಕಾಗಬಹುದು. ಅವೆಲ್ಲವೂ ಒಂದೆಡೆಯೇ ಇರಬೇಕೆಂಬ ನಿಯಮವಿಲ್ಲ. ಯಾವ ಕಡತವು ಎಲ್ಲಿ ಆರಂಭವಾಗುತ್ತದೆ, ಎಲ್ಲೆಲ್ಲಿ ಮುಂದುವರಿಯುತ್ತದೆ ಎಂಬುದನ್ನು ಡಿಸ್ಕಿನದೇ ಒಂದು ಭಾಗದಲ್ಲಿ ಪಟ್ಟಿಯಾಗಿ ಬರೆದಿಟ್ಟಿರುತ್ತದೆ. ಇದು ಡಿಸ್ಕಿನ ಪಹಣಿ. ಕಂಪ್ಯೂಟರು ಕಡತವನ್ನು ತೆರೆಯುವಾಗ ಈ ಪಹಣಿಯನ್ನು ನೋಡಿಯೇ ತಾಕುಗಳನ್ನು ಹುಡುಕುತ್ತದೆ.

ಅಳಿಸು ಎಂದು ಆಜ್ಞೆಯಿತ್ತಾಗ ನಡೆಯುವುದೇನು? ಒಂದು ಟೆರಾಬೈಟ್‌ನ ಡಿಸ್ಕನ್ನು ಪೂರ್ತಿಯಾಗಿ ಒರಸಿ ಹೊಸದಾಗಿ ಬರೆಯಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತು ಕಾಯುವ ತಾಳ್ಮೆ ಯಾರಿಗಿದೆ? ಆದುದರಿಂದ ಯಂತ್ರವು ಸುಲಭದ ದಾರಿಯನ್ನು ಹಿಡಿಯುತ್ತದೆ. ಅದು ಪಹಣಿಯಲ್ಲಿ ಆ ಕಡತದ ಹೆಸರಿನ ಎದುರು ‘ಇದು ಇನ್ನಿಲ್ಲ’ ಎಂದು ಗುರುತುಹಾಕಿ, ಅದರ ತಾಕುಗಳನ್ನು ಖಾಲಿ ಎಂದು ಬರೆದುಕೊಳ್ಳುತ್ತದೆ, ಅಷ್ಟೆ. ಪಹಣಿಯಿಂದ ಹೆಸರನ್ನು ಹೊಡೆದುಹಾಕಿದ ಮಾತ್ರಕ್ಕೆ ಹೊಲದಲ್ಲಿನ ಪೈರು ಒಣಗುತ್ತದೆಯೆ? ಅದು ನಿಂತೇ ಇರುತ್ತದೆ. ಬೇರೊಬ್ಬನು ಬಂದು ನೇಗಿಲು ಹೂಡಿದ ದಿನ ಮಾತ್ರ ಅದು ಮಣ್ಣುಪಾಲಾಗುತ್ತದೆ.

ಈ ಗುಟ್ಟು ಬಹಳ ಹಿಂದೆಯೇ ಉಪಯೋಗಕ್ಕೆ ಬಂದಿತು. ೧೯೭೭ರಲ್ಲಿ ರೂಪುಗೊಂಡು ಮುಂದೆ ಲೋಕವನ್ನೆಲ್ಲ ವ್ಯಾಪಿಸಿದ ‘ಫ್ಯಾಟ್’ ಎಂಬ ಕಡತವ್ಯವಸ್ಥೆಯು ಬೆಳೆದು ಬಂದಂತೆ, ಅದರಲ್ಲಿ ಕಡತವನ್ನು ಅಳಿಸಿದಾಗ ಹೆಸರಿನ ಮೊದಲ ಅಕ್ಷರದ ಸ್ಥಳದಲ್ಲಿ ಒಂದು ವಿಶೇಷ ಗುರುತು ಬೀಳುವ ಏರ್ಪಾಡಾಯಿತು; ಹೆಸರಿನ ಉಳಿದ ಅಕ್ಷರಗಳು ಹಾಗೆಯೇ ಇರುತ್ತಿದ್ದವು. ೧೯೮೨ರಲ್ಲಿ ಅಮೆರಿಕದ ಪೀಟರ್ ನಾರ್ಟನ್ ಎಂಬಾತನು ಹೊರತಂದ ಸಾಧನಗಳಲ್ಲಿ ಅಳಿಸಿದ ಕಡತವನ್ನು ಮರಳಿ ತರುವ ಕ್ರಮವಿಧಿಯೂ ಒಂದು. ಅದರಿಂದಲೇ ಅವನ ಹೆಸರು ಪ್ರಸಿದ್ಧವಾಯಿತು. ಇಂಥ ಕ್ರಮವಿಧಿಗಳು ಬಳಕೆದಾರನಿಗೆ ಹಾಕುತ್ತಿದ್ದ ಪ್ರಶ್ನೆ ಸರಳವಾದುದು: ಹೋದ ಕಡತದ ಹೆಸರಿನ ಮೊದಲ ಅಕ್ಷರ ಯಾವುದು? ಆ ಒಂದು ಅಕ್ಷರವನ್ನು ತುಂಬಿದರೆ, ತಾಕುಗಳ ಮೇಲೆ ಬೇರೇನೂ ಬರೆಯದೆ ಇದ್ದ ಪಕ್ಷದಲ್ಲಿ, ಕಡತವು ಮತ್ತೆ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು.

ಅಳಿಸುವುದರಿಂದ ಕಡತಕ್ಕೆ ಬರುವ ಅಪಾಯಕ್ಕಿಂತ ಅಳಿಸಿದ ಮೇಲೆ ಬರೆಯುವುದರಿಂದ ಬರುವ ಅಪಾಯ ಹೆಚ್ಚಿನದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಖಾಲಿ ಎಂದು ಗುರುತಾದ ತಾಕು ಯಾವ ಕ್ಷಣದಲ್ಲಾದರೂ ಹೊಸ ಕಡತಕ್ಕೆ ಹಂಚಿಕೆಯಾಗಬಹುದು. ಗಾಬರಿಗೊಂಡವನು ಮಾಡುವ ಕೆಲಸಗಳೆಲ್ಲವೂ ಬಹುಮಟ್ಟಿಗೆ ಬರೆಯುವ ಕೆಲಸಗಳೇ. ಕಳೆದುದನ್ನು ಹುಡುಕುವ ಸಾಧನವನ್ನು ಅದೇ ಡಿಸ್ಕಿಗೆ ಇಳಿಸಿಕೊಳ್ಳುತ್ತಾನೆ. ಸಿಕ್ಕಿದುದನ್ನು ಅದೇ ಡಿಸ್ಕಿಗೆ ತುಂಬುತ್ತಾನೆ. ಯಂತ್ರವು ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿದರೆ ಓದದೆಯೇ ಹೂಂ ಎನ್ನುತ್ತಾನೆ. ಬಾವಿಗೆ ಬಿದ್ದ ಬಿಂದಿಗೆಯನ್ನು ತೆಗೆಯಲು ಹೋಗಿ ಬಾವಿಯನ್ನೇ ಮುಚ್ಚಿದಂತೆ. ಕೈ ತಡೆದು ಕುಳಿತುಕೊಳ್ಳುವುದೇ ಇಲ್ಲಿ ಮೊದಲನೆಯ ಚಿಕಿತ್ಸೆ.

ಕೈ ತಡೆದ ಮೇಲೆ ಮಾಡಬೇಕಾದ ಕೆಲಸಗಳಿಗೆ ಒಂದು ಕ್ರಮವಿದೆ. ಕಡತವು ನಿಜವಾಗಿಯೂ ಅಳಿದಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಕಂಪ್ಯೂಟರಿನಲ್ಲಿ ‘ರೀಸೈಕಲ್ ಬಿನ್’ ಎಂಬ ಬುಟ್ಟಿಯೊಂದಿದೆ. ಮಾಮೂಲಿಯಾಗಿ ಅಳಿಸಿದ ಕಡತವು ಅದರಲ್ಲಿ ಹೋಗಿ ಕುಳಿತಿರುತ್ತದೆ. ಹೊರಗಿನಿಂದ ಜೋಡಿಸುವ ಹಾರ್ಡ್‌ಡಿಸ್ಕಿಗೂ ಸಾಮಾನ್ಯವಾಗಿ ಈ ಸೌಲಭ್ಯವುಂಟು. ಪೆನ್‌ಡ್ರೈವಿನಿಂದ ಅಳಿಸಿದ ಕಡತವಾಗಲಿ, ‘ಶಿಫ್ಟ್’ ಕೀಲಿಯನ್ನು ಒತ್ತಿ ಹಿಡಿದು ಅಳಿಸಿದ ಕಡತವಾಗಲಿ ಬುಟ್ಟಿಗೆ ಹೋಗದೆ ನೇರವಾಗಿ ಮಾಯವಾಗುತ್ತದೆ. ಬುಟ್ಟಿಯಲ್ಲಿ ಇಲ್ಲದಿದ್ದರೆ, ಅದೇ ಕಡತವನ್ನು ಹಿಂದೆ ಯಾರಿಗಾದರೂ ಕಳುಹಿಸಿದ್ದುಂಟೆ, ಬೇರೆ ಯಂತ್ರದಲ್ಲಿ ಉಳಿದಿದೆಯೆ ಎಂದು ನೆನಪುಮಾಡಿಕೊಳ್ಳಬೇಕು.

ಎಲ್ಲಿಯೂ ಇಲ್ಲವೆಂದಾದ ಮೇಲೆ ಡಿಸ್ಕಿನ ಪಡಿಯಚ್ಚನ್ನು ತೆಗೆಯುವುದು ಜಾಣತನ. ಪಹಣಿ ಏನೆನ್ನುತ್ತದೆಂಬುದನ್ನು ಲೆಕ್ಕಿಸದೆ, ಡಿಸ್ಕಿನ ಮೊದಲ ತಾಕಿನಿಂದ ಕಡೆಯ ತಾಕಿನವರೆಗೆ ಇದ್ದುದನ್ನು ಇದ್ದ ಹಾಗೆಯೇ ಇನ್ನೊಂದು ದೊಡ್ಡ ಡಿಸ್ಕಿಗೆ ಪ್ರತಿಮಾಡಿಕೊಳ್ಳುವುದೇ ಪಡಿಯಚ್ಚು. ಮುಂದಿನ ಪ್ರಯೋಗಗಳೆಲ್ಲ ಆ ಪ್ರತಿಯ ಮೇಲೆ ನಡೆಯುವುದರಿಂದ ಮೂಲಕ್ಕೆ ಧಕ್ಕೆಯಿಲ್ಲ. ಆಮೇಲೆ ಹುಡುಕುವ ಸಾಧನದ ಸರದಿ. ಟೆಸ್ಟ್‌ಡಿಸ್ಕ್, ಫೋಟೊರೆಕ್ ಎಂಬ ಸಾಧನಗಳು ಉಚಿತವಾಗಿ ದೊರೆಯುತ್ತವೆ. ವಿಂಡೋಸ್ ಬಳಸುವವರಿಗಾಗಿ ಮೈಕ್ರೋಸಾಫ್ಟ್ ಸಂಸ್ಥೆಯು ೨೦೨೦ರಲ್ಲಿ ಇಂಥದೊಂದು ಸಾಧನವನ್ನು ಹೊರತಂದಿತು. ಇವುಗಳಲ್ಲಿ ಯಾವುದನ್ನು ಬಳಸಿದರೂ, ಹೊರತೆಗೆದ ಕಡತಗಳನ್ನು ಬೇರೆ ಡಿಸ್ಕಿನಲ್ಲಿಯೇ ಇರಿಸಬೇಕೆಂಬ ನಿಯಮವನ್ನು ಮರೆಯಬಾರದು.

ಪಹಣಿಯ ಹಾಳೆಗಳೇ ಹರಿದುಹೋಗಿದ್ದರೆ? ಆಗಲೂ ಒಂದು ದಾರಿಯಿದೆ. ಪೈರನ್ನು ಕಂಡವನು ಇದು ರಾಗಿ, ಇದು ಜೋಳ ಎಂದು ಗುರುತಿಸುವಂತೆ, ಕಡತದ ಜಾತಿಯನ್ನು ಅದರ ಲಕ್ಷಣದಿಂದಲೇ ಗುರುತಿಸಬಹುದು. ಜೆಪೆಗ್ ಜಾತಿಯ ಛಾಯಾಚಿತ್ರದ ಕಡತವು ೨೫೫, ೨೧೬ ಎಂಬ ಎರಡು ಸಂಖ್ಯೆಗಳಿಂದಲೇ ಆರಂಭವಾಗುತ್ತದೆ. ಪಿ.ಡಿ.ಎಫ್. ಕಡತವು ಒಂದು ಶೇಕಡಾ ಚಿಹ್ನೆಯಿಂದಲೂ ತನ್ನ ಹೆಸರಿನ ಮೂರು ಅಕ್ಷರಗಳಿಂದಲೂ ತೊಡಗುತ್ತದೆ. ಫೋಟೊರೆಕ್ ಮುಂತಾದ ಸಾಧನಗಳು ಡಿಸ್ಕಿನ ಒಂದೊಂದು ತಾಕನ್ನೂ ಓದುತ್ತ, ಇಂಥ ಗುರುತು ಕಂಡಲ್ಲಿ ಕಡತವನ್ನು ಎತ್ತಿಕೊಳ್ಳುತ್ತವೆ. ಆದರೆ ಈ ವಿಧಾನದಲ್ಲಿ ಕಡತದ ಹೆಸರೂ ಅದಿದ್ದ ಫೋಲ್ಡರೂ ತಿಳಿಯುವುದಿಲ್ಲ. ತಾಕುಗಳು ಚದರಿಹೋಗಿದ್ದರೆ ಕಡತವು ತುಂಡು ತುಂಡಾಗಿ ಬರುವುದೂ ಉಂಟು.

ಇದುವರೆಗೆ ಹೇಳಿದುದು ದೇಹ ನೆಟ್ಟಗಿರುವ ಡಿಸ್ಕಿನ ಮಾತು. ಕೆಳಗೆ ಬಿದ್ದು ಟಕಟಕ ಎಂದು ಸದ್ದು ಮಾಡುವ ಡಿಸ್ಕಿನ ವಿಚಾರ ಬೇರೆ. ಹೆಡ್ಡು ತಟ್ಟೆಯನ್ನು ಉಜ್ಜುತ್ತಿದ್ದರೆ ಪ್ರತಿ ಸುತ್ತಿನಲ್ಲಿಯೂ ಬರಹ ಕೆರೆದುಹೋಗುತ್ತದೆ. ಅಂಥ ಡಿಸ್ಕಿಗೆ ಮತ್ತೆ ವಿದ್ಯುತ್ತನ್ನು ಕೊಡದೆ, ಧೂಳಿಲ್ಲದ ಕೋಣೆಯಲ್ಲಿ ಅದನ್ನು ಬಿಚ್ಚಬಲ್ಲ ಪರಿಣತರಿಗೆ ಒಪ್ಪಿಸಬೇಕು. ಅವರ ಕೌಶಲ ಎಷ್ಟರಮಟ್ಟಿನದೆಂಬುದಕ್ಕೆ ಕೊಲಂಬಿಯಾ ನೌಕೆಯ ಕಥೆಯೇ ಸಾಕ್ಷಿ. ೨೦೦೩ರ ಫೆಬ್ರವರಿ ೧ರಂದು ಆ ಬಾಹ್ಯಾಕಾಶ ನೌಕೆಯು ಭೂಮಿಗೆ ಮರಳುತ್ತಿದ್ದಾಗ ಛಿದ್ರವಾಗಿ, ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಯಾತ್ರಿಗಳು ಪ್ರಾಣ ತೆತ್ತರು. ಅವಶೇಷಗಳ ನಡುವೆ ಕರಕಲಾದ ಹಾರ್ಡ್‌ಡಿಸ್ಕೊಂದು ದೊರೆಯಿತು. ಕ್ಸೆನಾನ್ ಅನಿಲವನ್ನು ಕುರಿತು ನೌಕೆಯಲ್ಲಿ ನಡೆದಿದ್ದ ಪ್ರಯೋಗದ ಅಳತೆಗಳು ಅದರಲ್ಲಿದ್ದವು. ಅಮೆರಿಕದ ಪರಿಣತರು ಅದರ ತಟ್ಟೆಗಳನ್ನು ಶುಚಿಗೊಳಿಸಿ, ಬೇರೊಂದು ಯಂತ್ರಕ್ಕೆ ಅಳವಡಿಸಿ, ಶೇಕಡಾ ೯೯ರಷ್ಟು ಮಾಹಿತಿಯನ್ನು ಹೊರತೆಗೆದರು. ೨೦೦೮ರಲ್ಲಿ ಆ ಪ್ರಯೋಗದ ಫಲಿತಾಂಶವು ವಿಜ್ಞಾನಪತ್ರಿಕೆಯಲ್ಲಿ ಪ್ರಕಟವಾಯಿತು. ಯಾತ್ರಿಗಳು ಮರಳಲಿಲ್ಲ, ಅವರು ಮಾಡಿದ ಕೆಲಸ ಮರಳಿತು.

ಹಾಗೆಂದು ಎಲ್ಲ ಕಾಲಕ್ಕೂ ಎಲ್ಲವೂ ಮರಳಿ ಬರುತ್ತದೆಂದು ನಂಬುವುದು ಅಪಾಯ. ತಿರುಗುವ ತಟ್ಟೆಗಳಿಲ್ಲದ ‘ಎಸ್.ಎಸ್.ಡಿ.’ ಎಂಬ ಹೊಸ ಬಗೆಯ ಡಿಸ್ಕುಗಳು ಈಗ ಬಳಕೆಯಲ್ಲಿವೆ. ಇವುಗಳಲ್ಲಿ ಖಾಲಿಯಾದ ತಾಕುಗಳು ಯಾವುವೆಂಬುದನ್ನು ಕಂಪ್ಯೂಟರು ಡಿಸ್ಕಿಗೆ ತಿಳಿಸುವ ಏರ್ಪಾಡಿದೆ. ತಿಳಿದೊಡನೆ ಡಿಸ್ಕು ತನ್ನ ಬಿಡುವಿನಲ್ಲಿ ಅವನ್ನು ನಿಜವಾಗಿಯೇ ಗುಡಿಸಿಹಾಕುತ್ತದೆ. ಅಂಥ ಕಡೆ ಅಳಿಸಿದುದು ಕೆಲವೇ ಕ್ಷಣಗಳಲ್ಲಿ ಬಟ್ಟೆಯ ಕಡತದ ಬಳಪದಂತೆ ಉದುರಿಹೋಗಬಹುದು.

ಅಳಿಸಿದುದು ಅಳಿಯುವುದಿಲ್ಲವೆಂಬ ಸತ್ಯಕ್ಕೆ ಇನ್ನೊಂದು ಮುಖವೂ ಇದೆ. ಕಳೆದುಕೊಂಡವನಿಗೆ ವರವಾದುದು ಗುಟ್ಟನ್ನು ಕಾಪಾಡಬೇಕಾದವನಿಗೆ ಶಾಪವಾಗಬಹುದು. ಅಮೆರಿಕದ ಇಬ್ಬರು ಸಂಶೋಧಕರು ಯಾರೋ ಬಳಸಿ ಮಾರಿದ್ದ ೧೫೮ ಹಾರ್ಡ್‌ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ, ೨೦೦೩ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಓದಲು ಸಾಧ್ಯವಾದ ೧೨೯ ಡಿಸ್ಕುಗಳ ಪೈಕಿ ಸರಿಯಾಗಿ ಒರಸಿದ್ದವು ೧೨ ಮಾತ್ರ. ಉಳಿದವುಗಳಲ್ಲಿ ಜನರ ಹಣಕಾಸಿನ ವಿವರಗಳೂ ಖಾಸಗಿ ಪತ್ರಗಳೂ ಸಿಕ್ಕಿದವು. ಹಳೆಯ ಡಿಸ್ಕನ್ನು ಗುಜರಿಗೆ ಹಾಕುವ ಮುನ್ನ ಪಹಣಿಯನ್ನು ಮಾತ್ರವಲ್ಲದೆ ಹೊಲವನ್ನೂ ಒಮ್ಮೆ ಉತ್ತುಬಿಡಬೇಕು. ಎಂದರೆ ಡಿಸ್ಕಿನ ಉದ್ದಗಲಕ್ಕೂ ಬೇರೇನನ್ನಾದರೂ ಬರೆದುಬಿಡಬೇಕು.

ಎಲ್ಲಕ್ಕಿಂತ ಮಿಗಿಲಾದ ಉಪಾಯವು ನಮ್ಮ ಹಿರಿಯರಿಗೆ ತಿಳಿದಿದ್ದುದೇ. ತಾಳೆಗರಿಯ ಗ್ರಂಥಗಳು ಹುಳು ಹಿಡಿದು, ಶಿಥಿಲವಾಗಿ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಪ್ರಾಚೀನ ಕಾವ್ಯಗಳು ಉಳಿದುಬಂದುದು ಪ್ರತಿಕಾರರ ಶ್ರಮದಿಂದ. ಒಂದು ಪ್ರತಿ ಹಾಳಾದರೆ ಇನ್ನೊಂದು ಊರಿನಲ್ಲಿ ಮತ್ತೊಂದು ಪ್ರತಿ ಇರುತ್ತಿತ್ತು. ಇಂದು ಪ್ರತಿಮಾಡಲು ವರ್ಷಗಳು ಬೇಡ, ನಿಮಿಷಗಳು ಸಾಕು. ಆದರೂ ಜನರು ಸೋಮಾರಿತನ ಮಾಡುತ್ತಾರೆ. ಪ್ರತಿಯನ್ನು ಮಾಡಿಟ್ಟರಷ್ಟೇ ಸಾಲದು, ಅದು ತೆರೆಯುತ್ತದೆಯೇ ಎಂದು ಆಗಾಗ ನೋಡುತ್ತಲೂ ಇರಬೇಕು. ೧೯೯೮ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ ೨’ ಎಂಬ ಚಲನಚಿತ್ರ ತಯಾರಾಗುತ್ತಿದ್ದಾಗ, ತಪ್ಪಾಗಿ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಬಹುಭಾಗ ಅಳಿಸಿಹೋಯಿತು. ರಕ್ಷಣೆಗಾಗಿ ಮಾಡುತ್ತಿದ್ದ ಪ್ರತಿಗಳನ್ನು ತೆಗೆದು ನೋಡಿದರೆ, ಅವು ಸರಿಯಾಗಿ ದಾಖಲಾಗಿಯೇ ಇರಲಿಲ್ಲ! ಆಗತಾನೇ ತಾಯಿಯಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬ ಮಹಿಳೆಯ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿಯಿತ್ತು. ಆ ಯಂತ್ರಕ್ಕೆ ಕಂಬಳಿ ಸುತ್ತಿ, ಕಾರಿನಲ್ಲಿ ಜೋಪಾನವಾಗಿ ತಂದರು. ಚಿತ್ರವನ್ನು ಉಳಿಸಿದುದು ಬೇರೊಂದು ಸೂರಿನಡಿಯಲ್ಲಿದ್ದ ಆ ಪ್ರತಿ.

ಹಳ್ಳಿಯ ಮನೆಗೆ ಅಂದು ಸಂಜೆಯೇ ಮಾವನು ಇನ್ನೊಂದು ದೊಡ್ಡ ಡಿಸ್ಕಿನೊಂದಿಗೆ ಬಂದನು. ಪಡಿಯಚ್ಚನ್ನು ತೆಗೆಯುವಷ್ಟರಲ್ಲಿ ನಡುರಾತ್ರಿಯಾಯಿತು. ಹುಡುಕುವ ಕೆಲಸ ಮರುದಿನ ಮಧ್ಯಾಹ್ನದವರೆಗೆ ನಡೆಯಿತು. ಹಾಡುಗಳು ಒಂದೊಂದಾಗಿ ಬಂದವು. ಹೆಸರುಗಳು ಹೋಗಿ ಅವುಗಳ ಸ್ಥಳದಲ್ಲಿ ಬರಿಯ ಸಂಖ್ಯೆಗಳಿದ್ದವು. ಮೊಮ್ಮಗಳು ಒಂದೊಂದನ್ನೂ ಕೇಳಿ, ಗುರುತುಹಿಡಿದು, ಹೊಸದಾಗಿ ಹೆಸರಿಟ್ಟಳು. ನಲವತ್ತೆರಡರಲ್ಲಿ ಮೂವತ್ತೊಂಬತ್ತು ಇಡಿಯಾಗಿ ದೊರೆತವು. ಎರಡು ಸಿಕ್ಕಲೇ ಇಲ್ಲ. ಒಂದು ಜೋಗುಳವು ಅರ್ಧಕ್ಕೆ ನಿಂತಿತು. ಅದರ ಉಳಿದರ್ಧದ ತಾಕುಗಳಲ್ಲಿ ಚಲನಚಿತ್ರದ ತುಣುಕು ಬಂದು ಕುಳಿತಿತ್ತು. ಇನ್ನು ಹತ್ತು ನಿಮಿಷ ಪ್ರತಿಮಾಡುವುದು ಮುಂದುವರಿದಿದ್ದರೆ ಎಷ್ಟು ಉಳಿಯುತ್ತಿದ್ದವೆಂಬುದನ್ನು ಯಾರೂ ಹೇಳಲಾರರು.

ಮಾವನು ಹೊರಡುವ ಮೊದಲು ಎಲ್ಲ ಹಾಡುಗಳ ಮೂರು ಪ್ರತಿಗಳಾದವು. ಒಂದು ಮನೆಯಲ್ಲಿ ಉಳಿಯಿತು. ಒಂದು ಮಾವನೊಡನೆ ಪಟ್ಟಣಕ್ಕೆ ಹೋಯಿತು. ಒಂದನ್ನು ಶಾಲೆಯ ಕಂಪ್ಯೂಟರಿನಲ್ಲಿ ಇರಿಸುವುದೆಂದು ನಿಶ್ಚಯವಾಯಿತು. ಅದನ್ನು ಶಾಲೆಗೆ ಒಯ್ಯುವ ಕೆಲಸವನ್ನು ತಮ್ಮನು ತಾನಾಗಿಯೇ ವಹಿಸಿಕೊಂಡನು. ಅರ್ಧಕ್ಕೆ ನಿಂತ ಜೋಗುಳದ ಮುಂದಿನ ಸಾಲುಗಳು ಅಜ್ಜಿಯ ತಂಗಿಗೆ ಗೊತ್ತಿರಬಹುದೆಂದು ತಾಯಿ ಹೇಳಿದಳು. ಮುಂದಿನ ರಜೆಯಲ್ಲಿ ಅಕ್ಕತಮ್ಮಂದಿರಿಬ್ಬರೂ ಆ ಅಜ್ಜಿಯ ಊರಿಗೆ ಹೋಗಬೇಕೆಂದಿದ್ದಾರೆ.

ಅಭ್ಯಾಸ

೧. ಬಟ್ಟೆಯ ಕಡತವನ್ನು ಹೇಗೆ ಸಿದ್ಧಪಡಿಸುತ್ತಿದ್ದರು? ಅದಕ್ಕೂ ಇಂದಿನ ಕಡತಕ್ಕೂ ಅಳಿಸುವ ವಿಷಯದಲ್ಲಿರುವ ವ್ಯತ್ಯಾಸವೇನು?

೨. ಹಾರ್ಡ್‌ಡಿಸ್ಕಿನ ಪಟ್ಟಿಯನ್ನು ಪಹಣಿಗೆ ಹೋಲಿಸಿರುವುದು ಏಕೆ? ಈ ಹೋಲಿಕೆಯನ್ನು ವಿವರಿಸಿ.

೩. “ಮೊದಲು ಅದನ್ನು ನಿಲ್ಲಿಸು” – ಈ ಮಾತನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು? ಅದರಿಂದಾದ ಪ್ರಯೋಜನವೇನು?

೪. ಹಳೆಯ ಡಿಸ್ಕನ್ನು ಮಾರುವ ಮುನ್ನ ವಹಿಸಬೇಕಾದ ಎಚ್ಚರಿಕೆಯನ್ನು ಕಾರಣಸಹಿತವಾಗಿ ಬರೆಯಿರಿ.

೫. ನಿಮ್ಮ ಊರಿನ ಹಿರಿಯರೊಬ್ಬರಿಂದ ಒಂದು ಹಾಡನ್ನಾಗಲಿ ಕಥೆಯನ್ನಾಗಲಿ ಸಂಗ್ರಹಿಸಿ, ಅದರ ಎರಡು ಪ್ರತಿಗಳನ್ನು ಎರಡು ಕಡೆ ಇರಿಸಿ.